ಸ್ವೆಟರಿನ ಕೊರಳೂ ಹೆಗಲೂ

ಚಳಿಗಾಲದ ಮುಂಜಾನೆಗಳಲ್ಲಿ ಶಿಂಷಾ ತೀರದ ನಮ್ಮ ಮದ್ದೂರಿನಲ್ಲಿಯೂ ಕೂಸಿಗೊಂದು ಸ್ವೆಟರು ಬೇಕಾಗುತ್ತದೆ. ವಾರಗಟ್ಟಲೆ ಹೆಣೆದ ಸ್ವೆಟರು ಕೂಸಿನ ತಲೆಯಲ್ಲಿ ತೂರದಿದ್ದರೆ ತಪ್ಪು ಹೆಚ್ಚಾಗಿ ಕೊನೆಯ ಸಾಲಿನದೇ. ಒಂದು ಕುಣಿಕೆಯ ಮೇಲೆ ಇನ್ನೊಂದನ್ನು ದಾಟಿಸಿ ಮುಚ್ಚುವ ಸಾಮಾನ್ಯ ಕ್ರಮದಲ್ಲಿ ಅಂಚು ಸರಪಳಿಯಂತೆ ಬಿಗಿಯುತ್ತದೆ, ಹಿಗ್ಗದು. ಆದುದರಿಂದ ಕೊರಳನ್ನು ಒಂದೆರಡು ಅಳತೆ ದಪ್ಪನೆಯ ಕಡ್ಡಿಯಿಂದ ಸಡಿಲವಾಗಿ ಮುಚ್ಚಬೇಕು.

ಹೆಗಲಿಗಾದರೋ ಬಿಗಿಯೇ ಬೇಕು. ಉಡುಪಿನ ಭಾರವೆಲ್ಲ ಅಲ್ಲಿಯೇ ಜೋಲುತ್ತದೆ. ಆದರೆ ಹೆಗಲು ಇಳಿಜಾರು. ಮೆಟ್ಟಿಲು ಮೆಟ್ಟಿಲಾಗಿ ಮುಚ್ಚುವುದಕ್ಕಿಂತ ಅರೆಸಾಲು ಹೆಣೆಯುವುದೇ ಮೇಲೆಂದು ನನ್ನ ಮತ. ಹೆಗಲಿಗೆ 24 ಕುಣಿಕೆಗಳಿವೆಯೆನ್ನಿ. ಕೊರಳ ಕಡೆಯಿಂದ ಹೊರಟು, ತೋಳಿನ ಕಡೆಯ 8ನ್ನು ಬಿಟ್ಟು ಹಿಂದಿರುಗಿ; ಮರುಸಲ 16ನ್ನು ಬಿಟ್ಟು ಹಿಂದಿರುಗಿ. ಕೊರಳ ಬದಿ 4 ಸಾಲು ಎತ್ತರವಾಯಿತು. (ಪದವಿಯ ತರಗತಿಗೆ ಬಂದವಳು ನಮ್ಮ ಮನೆಯಲ್ಲಿ ನಾನೇ ಮೊದಲು; ಈ ಲೆಕ್ಕ ಮಾತ್ರ ಬೆರಳಲ್ಲಿ ಎಣಿಸುವ ಅವ್ವನಿಗೂ ಸಲೀಸು.) ತಿರುಗುವಲ್ಲೆಲ್ಲ ಮುಂದಿನ ಕುಣಿಕೆಯ ಬುಡಕ್ಕೆ ನೂಲು ಸುತ್ತಬೇಕು, ಇಲ್ಲವಾದರೆ ತೂತು ಬೀಳುತ್ತದೆ. ಬಳಿಕ ಆ ಸುತ್ತುಗಳನ್ನು ತಂತಮ್ಮ ಕುಣಿಕೆಯೊಡನೆ ಸೇರಿಸುತ್ತ 24ನ್ನೂ ಒಮ್ಮೆ ಹೆಣೆಯಿರಿ. ಮುಂಭಾಗ ಹಿಂಭಾಗಗಳ ಹೆಗಲನ್ನು ಒಳಮೈ ಹೊರಗಾಗುವಂತೆ ಜೋಡಿಸಿ ಹಿಡಿದು, ಮೂರನೆಯ ಕಡ್ಡಿಯಿಂದ ಎರಡೂ ಕಡೆಯ ಒಂದೊಂದು ಕುಣಿಕೆಯನ್ನು ಕೂಡಿಸಿ ಹೆಣೆಯುತ್ತ ಮುಚ್ಚಿದರೆ ಹೊಲಿಗೆಯೇ ಬೇಡ.