ಕಡಲಿನ ಅಳತೆ

ರೈಲು ನಿಲ್ದಾಣದ ಹೆಸರುಫಲಕವನ್ನು ನೀವು ನೋಡಿರಬಹುದು. ಊರಿನ ಹೆಸರಿನ ಕೆಳಗೆ, ಸಮುದ್ರಮಟ್ಟದಿಂದ ಆ ಊರು ಎಷ್ಟು ಮೀಟರ್ ಎತ್ತರದಲ್ಲಿದೆ ಎಂದು ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತದೆ. ಆದರೆ ಕಡಲು ಕ್ಷಣಕಾಲವೂ ಸುಮ್ಮನಿರದು. ನಮ್ಮ ಕರಾವಳಿಯಲ್ಲಿ ಅದು ದಿನಕ್ಕೆರಡು ಬಾರಿ ಉಬ್ಬುತ್ತದೆ, ಎರಡು ಬಾರಿ ಇಳಿಯುತ್ತದೆ. ಇಂಥ ಚಂಚಲವಾದ ನೀರಿನ ಮಟ್ಟವನ್ನು ಗೊತ್ತುಮಾಡುವುದು ಹೇಗೆ?

ಅದಕ್ಕಾಗಿಯೇ ಉಬ್ಬರಮಾಪಕವೆಂಬ ಉಪಕರಣವಿದೆ. ಹಳೆಯ ಮಾದರಿಯ ಮಾಪಕದ ರಚನೆ ಸರಳವಾದುದು. ಬಂದರಿನ ದಂಡೆಯಲ್ಲಿ ಬಾವಿಯಂಥ ದೊಡ್ಡ ಕೊಳವೆಯೊಂದನ್ನು ನೀರಿನೊಳಕ್ಕೆ ಇಳಿಸಿರುತ್ತಾರೆ. ಅದರ ತಳಭಾಗದಲ್ಲಿ ಚಿಕ್ಕದೊಂದು ರಂಧ್ರವಿರುತ್ತದೆ. ಆದಕಾರಣ ಅಲೆಗಳ ಹೊಯ್ದಾಟ ಒಳಗೆ ಬಾರದೆ, ಉಬ್ಬರವಿಳಿತದ ನಿಧಾನವಾದ ಚಲನೆ ಮಾತ್ರ ಬರುತ್ತದೆ. ಕೊಳವೆಯೊಳಗಿನ ತೇಲುಗುಂಡು ನೀರಿನೊಡನೆ ಏರಿ ಇಳಿಯುತ್ತದೆ. ಅದಕ್ಕೆ ಜೋಡಿಸಿದ ಲೇಖನಿ, ಗಡಿಯಾರದ ಯಂತ್ರದಿಂದ ತಿರುಗುವ ಉರುಳೆಯ ಕಾಗದದ ಮೇಲೆ ಗೆರೆಯೆಳೆಯುತ್ತದೆ. ವರ್ಷಗಟ್ಟಲೆಯ ಈ ಗೆರೆಗಳ ಸರಾಸರಿಯೇ ಸರಾಸರಿ ಸಮುದ್ರಮಟ್ಟ.

ಮುಂಬಯಿಯ ಅಪೋಲೋ ಬಂದರಿನಲ್ಲಿ 1878ರಿಂದ ಇಂಥ ಅಳತೆ ನಡೆದುಬಂದಿದೆ. ಅವಿಭಜಿತ ಭಾರತದ ಎತ್ತರಗಳಿಗೆಲ್ಲ ಒಂದೇ ಆಧಾರವನ್ನು 1909ರಲ್ಲಿ ನಿಗದಿಪಡಿಸಿದಾಗ, ಒಂಬತ್ತು ಬಂದರುಗಳ ಸರಾಸರಿ ಮಟ್ಟವನ್ನು ಪರಿಗಣಿಸಲಾಯಿತು. ಅವುಗಳಲ್ಲಿ ನಮ್ಮ ಕಾರವಾರವೂ ಒಂದೆಂಬುದು ಹೆಮ್ಮೆಯ ಸಂಗತಿ.

ಆದರೆ ಹಳೆಯ ಮಾಪಕಕ್ಕೆ ಅದರದೇ ಆದ ಮಿತಿಗಳಿದ್ದವು. ರಂಧ್ರದಲ್ಲಿ ಹೂಳು ತುಂಬುತ್ತಿತ್ತು. ಗಡಿಯಾರ ಹಿಂದೆ ಬೀಳುತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಯಾರಾದರೂ ಹೋಗಿ ಕಾಗದವನ್ನು ತೆಗೆಯುವವರೆಗೆ ಅದು ಬರೆದ ಸುದ್ದಿ ಅಲ್ಲಿಯೇ ಉಳಿಯುತ್ತಿತ್ತು. 2004ರ ಡಿಸೆಂಬರ್ 26ರಂದು ಸುಮಾತ್ರಾದ ಬಳಿ ಸಂಭವಿಸಿದ ಭೂಕಂಪದಿಂದ ಎದ್ದ ಸುನಾಮಿ, ಚೆನ್ನೈ ತೀರವನ್ನು ಮುಟ್ಟಲು ಎರಡು ಗಂಟೆಗೂ ಹೆಚ್ಚು ಕಾಲ ಬೇಕಾಯಿತು. ಅಷ್ಟು ಹೊತ್ತಿದ್ದರೂ ತೀರದ ಜನರಿಗೆ ಎಚ್ಚರಿಕೆ ತಲುಪಲಿಲ್ಲ. ಮಾಪಕಗಳು ಅಲೆಯನ್ನು ದಾಖಲಿಸಿದವು. ಆ ದಾಖಲೆಯನ್ನು ಒಡನೆಯೇ ಸಾರಿಹೇಳುವ ವ್ಯವಸ್ಥೆಯಿರಲಿಲ್ಲ. ಭಾರತದಲ್ಲಿ 10,000ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು.

ಈ ದುರಂತ ನಮ್ಮ ಕಣ್ಣು ತೆರೆಸಿತು. 2007ರಲ್ಲಿ ಹೈದರಾಬಾದಿನಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಕಾರ್ಯಾರಂಭ ಮಾಡಿತು. ಕರಾವಳಿಯಲ್ಲಿ ಹೊಸ ಮಾಪಕಗಳು ಬಂದವು. ರಾಡಾರ್ ಮಾಪಕವು ನೀರನ್ನು ಮುಟ್ಟುವುದೇ ಇಲ್ಲ. ಮೇಲಿನಿಂದ ರೇಡಿಯೋ ಅಲೆಗಳನ್ನು ಕಳುಹಿಸಿ, ಅವು ನೀರಿಗೆ ತಾಗಿ ಮರಳಿದ ಬಗೆಯಿಂದ ದೂರವನ್ನು ಲೆಕ್ಕಹಾಕುತ್ತದೆ. ಆ ಅಳತೆ ಉಪಗ್ರಹದ ಮೂಲಕ ಕೆಲವೇ ನಿಮಿಷಗಳಲ್ಲಿ ಕೇಂದ್ರವನ್ನು ಸೇರುತ್ತದೆ.

ಹೊಸ ಉಪಕರಣವಿದ್ದರೆ ಸಾಕೆ? ಸಾಲದು. ಕೆರೆಯಲ್ಲಿ ನೆಟ್ಟ ಅಳತೆಗೋಲು ಕೆಸರಿನಲ್ಲಿ ಕುಸಿದರೆ, ನೀರು ಏರಿದಂತೆ ತೋರುತ್ತದೆಯಲ್ಲವೆ? ಕಡಲ ತೀರದಲ್ಲಿಯೂ ಹಾಗೆಯೇ. 2004ರ ಭೂಕಂಪದಲ್ಲಿ ಪೋರ್ಟ್ ಬ್ಲೇರ್‌ನ ನೆಲವೇ ಸುಮಾರು ಒಂದು ಮೀಟರ್ ಕುಸಿಯಿತು. ಏರಿದ್ದು ನೀರೋ ಇಳಿದದ್ದು ನೆಲವೋ ಎಂಬುದನ್ನು ತಿಳಿಯಲು, ಮಾಪಕದ ಬಳಿ ನೆಲದ ಚಲನೆಯನ್ನು ಉಪಗ್ರಹಗಳ ನೆರವಿನಿಂದ ಅಳೆಯುವ ಉಪಕರಣವನ್ನೂ ಇರಿಸಬೇಕಾಗುತ್ತದೆ. ಮಾಪಕದ ಅಳತೆಯನ್ನು ಸಮೀಪದ ಗಟ್ಟಿ ನೆಲದಲ್ಲಿ ಸ್ಥಾಪಿಸಿದ ಗುರುತುಗಲ್ಲಿನೊಡನೆ ಆಗಾಗ ತಾಳೆನೋಡಬೇಕಾಗುತ್ತದೆ. ಹಳೆಯ ಮಾಪಕವನ್ನು ತೆಗೆಯುವ ಮೊದಲು, ಹಳೆಯದೂ ಹೊಸದೂ ಕೆಲಕಾಲ ಜೊತೆಯಾಗಿ ನಡೆಯಬೇಕು. ಇಲ್ಲವಾದರೆ ಎರಡರ ಲೆಕ್ಕಕ್ಕೂ ನಂಟು ತಪ್ಪಿಹೋಗುತ್ತದೆ.

ಇಷ್ಟು ಎಚ್ಚರವೇಕೆ? 2006ರಿಂದ 2018ರವರೆಗೆ ಜಗತ್ತಿನ ಸಮುದ್ರಮಟ್ಟ ಸರಾಸರಿಯಾಗಿ ವರ್ಷಕ್ಕೆ ಸುಮಾರು 3.7 ಮಿಲಿಮೀಟರ್ ಏರಿದೆ. ಇದು ಒಂದು ಅಕ್ಕಿಕಾಳಿನ ಉದ್ದಕ್ಕಿಂತಲೂ ಕಡಿಮೆ. ದಿನವೂ ಮೀಟರಿನ ಲೆಕ್ಕದಲ್ಲಿ ಏರಿಳಿಯುವ ಕಡಲಿನಲ್ಲಿ ಈ ಅಲ್ಪ ಏರಿಕೆಯನ್ನು ಗುರುತಿಸಲು ಹತ್ತಾರು ವರ್ಷಗಳ ತಪ್ಪಿಲ್ಲದ ದಾಖಲೆ ಬೇಕು. ವರ್ಷವರ್ಷವೂ ಕೂಡುತ್ತ ಹೋಗುವ ಈ ಏರಿಕೆ ತೀರದ ಮನೆ, ಗದ್ದೆ, ಬಾವಿಗಳ ಅಳಿವು ಉಳಿವಿನ ಪ್ರಶ್ನೆ. 1878ರಲ್ಲಿ ಗೆರೆಯೆಳೆಯಲು ತೊಡಗಿದವರು ಇಂದಿನ ನಮ್ಮ ಪ್ರಶ್ನೆಯನ್ನು ಕಂಡವರಲ್ಲ. ಆದರೂ ಅದಕ್ಕೆ ಉತ್ತರ ಕೊಡಲು ಅವರ ಗೆರೆಗಳು ನೆರವಾಗುತ್ತಿವೆ. ಇಂದು ನಾವು ಎಚ್ಚರದಿಂದ ಬರೆದಿಡುವ ಲೆಕ್ಕ ಮುಂದೆ ಯಾರಿಗೆ ನೆರವಾದೀತೋ ಬಲ್ಲವರಾರು?