ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಯ ನಂತರ ಮನೆಯಲ್ಲಿನ ಆರೈಕೆ

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಒಳಗಾದವರು ಸಾಮಾನ್ಯವಾಗಿ ಅದೇ ದಿನ ಅಥವಾ ಮರುದಿನವೇ ಊರಿಗೆ ಮರಳುತ್ತಾರೆ. ಕಣ್ಣು ಪೂರ್ಣವಾಗಿ ಗುಣವಾಗಲು ಮಾತ್ರ ನಾಲ್ಕರಿಂದ ಆರು ವಾರಗಳು ಬೇಕು. ಸೋಂಕಿನ ಅಪಾಯ ಮೊದಲ ವಾರದಲ್ಲಿ ಹೆಚ್ಚು.

ಹನಿ ಔಷಧವನ್ನು ಸಾಬೂನಿನಿಂದ ಕೈ ತೊಳೆದ ನಂತರವೇ, ಸೀಸೆಯ ತುದಿ ಕಣ್ಣಿಗೆ ತಾಗದಂತೆ ಹಾಕತಕ್ಕದ್ದು. ಎರಡು ಔಷಧಗಳಿದ್ದಲ್ಲಿ ನಡುವೆ 5 ನಿಮಿಷಗಳ ಅಂತರವಿರಲಿ. ಒಂಟಿಯಾಗಿ ವಾಸಿಸುವ ವೃದ್ಧರಿಗೆ ದಿನಕ್ಕೆ ನಾಲ್ಕಾರು ಬಾರಿ ಹನಿ ಹಾಕುವವರು ಯಾರು? ಶಿಬಿರಕ್ಕೆ ಹೆಸರು ನೋಂದಾಯಿಸುವ ದಿನವೇ ಸದಸ್ಯರು ಇದನ್ನು ವಿಚಾರಿಸಿಕೊಳ್ಳುವುದು ಉತ್ತಮ. ಶಸ್ತ್ರಚಿಕಿತ್ಸೆಯಾದ ಮೇಲೆ ನೆರೆಮನೆಯವರನ್ನು ಹುಡುಕುವುದು ತಡವಾದ ಕೆಲಸ.

ಹಾಲು ಕರೆಯುವುದು, ಸಗಣಿ ಬಾಚುವುದು, ರಾಗಿ ಕಣದ ಧೂಳು, ಸೌದೆ ಒಲೆಯ ಹೊಗೆ, ದೊಡ್ಡಬಳ್ಳಾಪುರದ ಕಡೆ ಮಗ್ಗದ ಕೆಲಸ ಇವೆಲ್ಲದರಿಂದ ವೈದ್ಯರು ಹೇಳುವವರೆಗೆ ದೂರವಿರಬೇಕು. ಡೇರಿಯ ಹಾಲನ್ನೇ ನಂಬಿದ ಮನೆಯಲ್ಲಿ ಇದು ಸುಲಭವಲ್ಲ. ಆದುದರಿಂದ ಕುಟುಂಬದವರೊಡನೆ ಮೊದಲೇ ಮಾತನಾಡಬೇಕಾಗುತ್ತದೆ. ತಲೆಗೆ ಸ್ನಾನ ಮಾಡುವಾಗ ಕಣ್ಣಿಗೆ ನೀರು ಬೀಳಬಾರದು. ಹರಳೆಣ್ಣೆ, ಎದೆಹಾಲು, ನಂದಿಬಟ್ಟಲು ಹೂವಿನ ರಸ ಯಾವುದನ್ನೂ ಕಣ್ಣಿಗೆ ಹಾಕಕೂಡದು.

ಸ್ವಲ್ಪ ನೀರು ಸುರಿಯುವುದು, ಕಣ್ಣು ಚುರುಗುಟ್ಟುವುದು ಸಹಜ. ನೋವು ಅಥವಾ ಕೆಂಪು ಹೆಚ್ಚುತ್ತಿದ್ದರೆ, ಕೀವು ಬಂದರೆ, ಕಾಣುತ್ತಿದ್ದುದು ಮತ್ತೆ ಮಂಜಾದರೆ, ಮರುಪರೀಕ್ಷೆಯ ದಿನಾಂಕಕ್ಕಾಗಿ ಕಾಯದೆ ಅದೇ ದಿನ ಶಸ್ತ್ರಚಿಕಿತ್ಸೆ ನಡೆದ ಆಸ್ಪತ್ರೆಗೆ ಕರೆದೊಯ್ಯಬೇಕು. ಒಂದು ದಿನದ ವಿಳಂಬದಿಂದಲೂ ದೃಷ್ಟಿ ಶಾಶ್ವತವಾಗಿ ಹೋಗಬಹುದು. ಆಸ್ಪತ್ರೆಯ ದೂರವಾಣಿ ಸಂಖ್ಯೆ ಮತ್ತು ವಾಹನದ ಏರ್ಪಾಡು ಆಶಾ ಕಾರ್ಯಕರ್ತೆಯ ಬಳಿಯೂ ವಾರ್ಡಿನ ಸದಸ್ಯರ ಬಳಿಯೂ ಇರತಕ್ಕದ್ದು.