ಕುಡಿತ ಬಿಡಿಸಲು ಸಾರಿನಲ್ಲಿ ಮಾತ್ರೆ ಬೆರೆಸಬೇಡಿ

ಹೃದಯದ ಡಾಕ್ಟರ್ ಕುಡಿತದ ಬಗ್ಗೆ ಯಾಕೆ ಬರೆಯುತ್ತಾರೆ ಎನ್ನಬೇಡಿ. ಎದೆ ಡವಡವ ಅನ್ನುತ್ತದೆಂದು ಬರುವ ಕೆಲವರ ಇಸಿಜಿಯಲ್ಲಿ ಬಡಿತ ತಾಳ ತಪ್ಪಿರುತ್ತದೆ. ವಿಚಾರಿಸಿದರೆ ಹಿಂದಿನ ರಾತ್ರಿಯ ಕುಡಿತ ಹೊರಬರುತ್ತದೆ.

ಇಲ್ಲೇ ಕೂಕಟ್‌ಪಲ್ಲಿಯಲ್ಲಿ ನಮ್ಮ ಕಡೆಯ ಒಬ್ಬ ತಾಯಿ, ಮಗನಿಗೆ ಹೇಳದೆ ಸಾರಿನಲ್ಲಿ ಡೈಸಲ್ಫಿರಾಮ್ ಪುಡಿ ಬೆರೆಸುತ್ತಿದ್ದರು. ಗೊತ್ತಿಲ್ಲದೆ ಅವನು ಕುಡಿದ. ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಕುಸಿದು ಬಂದ. ಉಳಿದುಕೊಂಡ. ಹೃದ್ರೋಗವಿದ್ದಿದ್ದರೆ ಹೇಳಲಾಗುತ್ತಿರಲಿಲ್ಲ. "ನಾಲ್ಕು ಜನಕ್ಕೆ ಗೊತ್ತಾದರೆ ಹೆಣ್ಣು ಯಾರು ಕೊಡ್ತಾರೆ ಡಾಕ್ಟ್ರೇ?" ಎಂದರು. ಬೈಯಲು ಮನಸ್ಸಾಗಲಿಲ್ಲ.

ಅಡ್ಮಿಟ್ ಆಗದೆಯೂ ಚಿಕಿತ್ಸೆ ಇದೆ. ಆದರೆ ದಿನವೂ ಕುಡಿಯುವವರು ತಟ್ಟನೆ ನಿಲ್ಲಿಸಿದರೆ 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು ಶುರುವಾಗಬಹುದು. ಮೊದಲ 48 ಗಂಟೆಯಲ್ಲಿ ಫಿಟ್ಸ್, 2ರಿಂದ 4ನೇ ದಿನದಲ್ಲಿ ಭ್ರಮೆ ಬರುವುದುಂಟು. ದೇವರ ಮುಂದೆ ಆಣೆ ಹಾಕಿಸಿ ಒಮ್ಮೆಗೇ ಬಿಡಿಸಬೇಡಿ. ಹಿಂದೆ ಫಿಟ್ಸ್, ಭ್ರಮೆ ಬಂದಿಲ್ಲದವರಿಗೆ, ಮನೆಯಲ್ಲಿ ನೋಡಿಕೊಳ್ಳುವವರಿದ್ದರೆ, ಒಪಿಡಿಯಲ್ಲೇ ಸುಮಾರು ಒಂದು ವಾರ ದಿನದಿನಕ್ಕೆ ಡೋಸ್ ಇಳಿಸುವ ಮಾತ್ರೆ ಮತ್ತು ಥಯಾಮಿನ್ ಕೊಡುತ್ತಾರೆ. ಆಮೇಲೆ ಚಪಲ ತಗ್ಗಿಸಲು ನಾಲ್ಟ್ರೆಕ್ಸೋನ್ ಅಥವಾ ಅಕಾಂಪ್ರೊಸೇಟ್, ಜೊತೆಗೆ ತಿಂಗಳುಗಟ್ಟಲೆ ಕೌನ್ಸೆಲಿಂಗ್. ನಡುವೆ ಮತ್ತೆ ಕುಡಿದರೆ ಮತ್ತೆ ಕರೆದೊಯ್ಯಿರಿ. ಶುಗರ್ ಇರುವವರು ಮೈಸೂರು ಪಾಕ್ ತಿಂದರೆಂದು ಔಷಧ ನಿಲ್ಲಿಸುತ್ತೇವೆಯೇ?

ಎರ್ರಗಡ್ಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಮೆಟ್ರೋದಲ್ಲಿ ನಾಲ್ಕೈದು ಸ್ಟೇಷನ್ ದೂರ. ತೆಲುಗು ಕಷ್ಟವಾದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ; ಕನ್ನಡದಲ್ಲೂ ಮಾತಾಡುತ್ತಾರೆ, ಉಚಿತ. ಬೆಂಗಳೂರಿಗೆ ಹೋಗುವವರಿಗೆ ನಿಮ್ಹಾನ್ಸ್‌ನಲ್ಲಿ ಇದಕ್ಕೇ ವಿಭಾಗವಿದೆ. ಫಿಟ್ಸ್ ಬಂದರೆ ಮಾತ್ರ ಕಾಯದೆ 108.